ಚಿತ್ರದ ಗೆಲುವು: ತಯಾರಿಕೆಯೋ ಹಂಚಿಕೆಯೋ?

ನಮ್ಮ ಬಳ್ಳಾರಿ ಸೀಮೆಯಲ್ಲಿ ನೀರಿನ ಮಾತೆತ್ತದೆ ಯಾವ ಮಾತೂ ಮುಗಿಯುವುದಿಲ್ಲ. ಆದ್ದರಿಂದ ಸಿನಿಮಾದ ವಿಷಯವಾಗಿ ಆಡಬೇಕೆಂದಿರುವ ನಾಲ್ಕು ಮಾತುಗಳನ್ನೂ ನಾನು ನೀರಿನಿಂದಲೇ ಆರಂಭಿಸುತ್ತೇನೆ, ಕೇಳುಗರು ಮನ್ನಿಸಬೇಕು. ತುಂಗಭದ್ರೆಯ ಅಣೆಕಟ್ಟು ಪೂರ್ಣಗೊಂಡದ್ದು 1953ರಲ್ಲಿ. ಅಲ್ಲಿಂದ ಹೊರಟ ಕಾಲುವೆ ಕುರುಗೋಡು, ಸಿರುಗುಪ್ಪಗಳ ಎರೆ ನೆಲವನ್ನು ಭತ್ತದ ಗದ್ದೆಯಾಗಿಸಿತು. ಆದರೂ ಜಲಾಶಯ ತುಂಬಿ ತುಳುಕಿದ ವರ್ಷದಲ್ಲಿಯೇ ಉಪಕಾಲುವೆಯ ಕೊನೆಯ ಹೊಲದ ರೈತ ಮುಗಿಲ ಕಡೆ ನೋಡುತ್ತ ಕುಳಿತಿರುವುದುಂಟು. ‘ಈ ಸಲ ನೀರು ಹೇಗೆ?’ ಎಂದು ಅವನನ್ನು ಕೇಳಿ ನೋಡಿ. ಜಲಾಶಯದ ಮಟ್ಟ ಎಷ್ಟು ಅಡಿ ಎಂದು ಅವನು ಹೇಳುವುದಿಲ್ಲ. ‘ನಮ್ಮ ತೂಬಿಗೆ ಬಂದಿಲ್ಲರೀ’ ಎನ್ನುತ್ತಾನೆ. ಅವನ ಮಟ್ಟಿಗೆ ತೂಬಿಗೆ ಬಾರದ ನೀರು ನೀರೇ ಅಲ್ಲ.

ಚಲನಚಿತ್ರದ ಕತೆಯೂ ಹೀಗೆಯೇ. ಚಿತ್ರ ತಯಾರಾಗುವುದು ಒಂದು ಕಡೆ. ಅದು ಜನರ ಕಣ್ಣಿಗೆ ತಲುಪುವುದು ಇನ್ನೊಂದು ಕಡೆ. ಈ ಎರಡರ ನಡುವೆ ಕಾಲುವೆ, ಉಪಕಾಲುವೆ, ತೂಬು, ತೂಬಿನ ಬಳಿ ಕಾವಲು ನಿಂತವರು, ಎಲ್ಲವೂ ಉಂಟು. ನಮ್ಮ ಚಿತ್ರವಿಮರ್ಶೆ ಕಥೆ, ಅಭಿನಯ, ಛಾಯಾಗ್ರಹಣ, ಸಂಗೀತಗಳನ್ನು ಕುರಿತು ಪುಟಗಟ್ಟಲೆ ಬರೆಯುತ್ತದೆ. ಒಂದು ಚಿತ್ರ ಯಾವ ಊರಿಗೆ ಯಾವಾಗ ಬಂತು, ಎಷ್ಟು ದಿನ ನಿಂತಿತು, ಏಕೆ ಹೋಯಿತು ಎಂಬುದನ್ನು ಕುರಿತು ಒಂದು ಸಾಲನ್ನೂ ಬರೆಯುವುದಿಲ್ಲ. ಅನೇಕ ಚಿತ್ರಗಳ ಹಣೆಬರಹ ನಿರ್ಧಾರವಾಗುವುದು ಆ ಬರೆಯದ ಸಾಲಿನಲ್ಲಿ ಎಂಬುದು ನನ್ನ ಅನುಭವ.

ಮೊದಲಿಗೆ ಇದು ಹೊಸ ವಿಚಾರವೇನೂ ಅಲ್ಲವೆಂದು ಹೇಳಿಬಿಡಬೇಕು. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತಯಾರಿಸಿ ಮುಗಿಸಿದ ಮೇಲೆ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ನಾಟಕದ ಆರು ಗಂಟೆಗಳ ಮನರಂಜನೆಗೆ ಒಗ್ಗಿದ್ದ ಜನಕ್ಕೆ ಒಂದೂವರೆ ಗಂಟೆಯ ಮೂಕಚಿತ್ರ ಅಗ್ಗವೆಂದು ತೋರಬೇಕು. ಅದಕ್ಕಾಗಿ ಅವರು ಚಿತ್ರದ ಉದ್ದವನ್ನು ಮೈಲಿಯಲ್ಲಿಯೂ ಛಾಯಾಚಿತ್ರಗಳ ಸಂಖ್ಯೆಯನ್ನು ಸಾವಿರಗಳಲ್ಲಿಯೂ ಎಣಿಸಿ ಹೇಳಿ, ಇಷ್ಟೆಲ್ಲಕ್ಕೂ ಮೂರೇ ಆಣೆ ಎಂದು ಜಾಹೀರಾತು ಕೊಟ್ಟರೆಂದು ಪ್ರತೀತಿ. ಭಾರತದ ಮೊದಲ ನಿರ್ಮಾಪಕನೇ ಮೊದಲ ಪ್ರಚಾರಕನೂ ಆಗಿದ್ದನೆಂದಾಯಿತು. ನಮ್ಮ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ನಿರ್ಮಾಪಕ ಚಮನ್‌ಲಾಲ್ ಡುಂಗಾಜಿ ಒಬ್ಬ ವ್ಯಾಪಾರಿ. ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಕನ್ನಡ ಚಿತ್ರಕ್ಕೆ ಜನ್ಮ ಕೊಟ್ಟ ಧೈರ್ಯ ಒಬ್ಬ ವರ್ತಕನದು ಎಂಬುದನ್ನು ಕಲೆಯ ಮಡಿವಂತರು ಮರೆಯಬಾರದು.

ಆಗ ನಮ್ಮ ಬಳ್ಳಾರಿ ಇದ್ದದ್ದು ಮದರಾಸು ಪ್ರಾಂತದಲ್ಲಿ. ಆ ಮದರಾಸಿನಲ್ಲಿ ಎಸ್.ಎಸ್. ವಾಸನ್ ಎಂಬವರಿದ್ದರು. ಅವರು ಸ್ಟುಡಿಯೋದ ಒಡೆಯರಾದದ್ದು ಆಮೇಲೆ. ಅದಕ್ಕೆ ಮೊದಲು ‘ಆನಂದ ವಿಕಟನ್’ ಎಂಬ ವಾರಪತ್ರಿಕೆ ನಡೆಸಿ ಓದುಗರ ನಾಡಿಯನ್ನು ಅರಿತರು. ಬಳಿಕ ಚಿತ್ರಗಳ ಹಂಚಿಕೆಗೆ ಇಳಿದು ನೋಡುಗರ ನಾಡಿಯನ್ನು ಅರಿತರು. ಮೂರನೆಯದಾಗಿ ಜೆಮಿನಿ ಸ್ಟುಡಿಯೋ ತೆರೆದರು. 1948ರಲ್ಲಿ ಅವರ ‘ಚಂದ್ರಲೇಖಾ’ ಹಿಂದಿಯಲ್ಲಿ ಉತ್ತರ ಭಾರತಕ್ಕೆ ಹೋದಾಗ ಅದಕ್ಕೆ ನಡೆದ ಪ್ರಚಾರ ದೇಶವೇ ಅದುವರೆಗೆ ಕಂಡರಿಯದ್ದು. ದಕ್ಷಿಣದ ಚಿತ್ರವೊಂದು ವಿಂಧ್ಯದಾಚೆ ಗೆದ್ದಿತು. ಆ ಗೆಲುವಿನಲ್ಲಿ ಡೋಲುಗಳ ಮೇಲಿನ ನೃತ್ಯದ ಪಾಲೆಷ್ಟು, ಗೋಡೆಗಳ ಮೇಲಿನ ಭಿತ್ತಿಪತ್ರದ ಪಾಲೆಷ್ಟು ಎಂದು ತೂಗಿ ಹೇಳಬಲ್ಲವರು ಯಾರು?

ಇನ್ನು ನಮ್ಮ ಊರಿನ ಮಾತು. ಬಳ್ಳಾರಿ ರಾಘವಾಚಾರ್ಯರ ಹೆಸರನ್ನು ಕೇಳದವರು ನಮ್ಮಲ್ಲಿ ಇಲ್ಲ. ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಟರು. ಕನ್ನಡ, ತೆಲುಗು, ಇಂಗ್ಲಿಷುಗಳಲ್ಲಿ ಸಮನಾಗಿ ಅಭಿನಯಿಸಿದವರು. 1936ರಲ್ಲಿ ದ್ರೌಪದಿಯ ಕಥೆಯನ್ನೇ ಹಿಡಿದು ತೆಲುಗಿನಲ್ಲಿ ಎರಡು ಚಿತ್ರಗಳು ಪೈಪೋಟಿಯಿಂದ ಹೊರಬಂದವು. ‘ದ್ರೌಪದೀ ಮಾನಸಂರಕ್ಷಣಂ’ ಎಂಬುದರಲ್ಲಿ ದುರ್ಯೋಧನನಾಗಿ ರಾಘವರಿದ್ದರು. ಗೆದ್ದದ್ದು ಮಾತ್ರ ಇನ್ನೊಂದು, ‘ದ್ರೌಪದೀ ವಸ್ತ್ರಾಪಹರಣಂ’. ಸೋಲಿಗೆ ಕಾರಣಗಳು ಹಲವಿರಬಹುದು. ಆದರೆ ಒಂದು ಪಾಠವಂತೂ ಖಚಿತ: ನಟನೊಬ್ಬನ ಹಿರಿಮೆ ಮಾತ್ರವೇ ಚಿತ್ರವನ್ನು ದಡ ಸೇರಿಸುವುದಿಲ್ಲ. ಮೂರು ವರ್ಷಗಳ ಬಳಿಕ, 1939ರಲ್ಲಿ, ಗೂಡವಲ್ಲಿ ರಾಮಬ್ರಹ್ಮಂ ಅವರ ‘ರೈತುಬಿಡ್ಡ’ ಬಂದಿತು. ಅದರಲ್ಲಿ ರಾಘವರದು ರೈತನ ಪಾತ್ರ. ಚಿತ್ರ ಚೆನ್ನಾಗಿಯೇ ತಯಾರಾಗಿತ್ತು, ತೆರೆಗೂ ಬಂದಿತ್ತು. ಆದರೆ ಜಮೀನ್ದಾರರಿಗೆ ಸಿಟ್ಟು ಬಂತು, ಅದರ ಪ್ರದರ್ಶನಕ್ಕೆ ನಿಷೇಧ ಬಂತು. ನೋಡಿ, ನೀರಿದೆ, ಕಾಲುವೆಯೂ ಇದೆ, ಆದರೆ ತೂಬಿನ ಬೀಗದ ಕೈ ಬೇರೆಯವರ ಸೊಂಟದಲ್ಲಿದೆ!

ಹಂಚಿಕೆಗೆ ತನ್ನದೇ ಆದ ಒಂದು ಭೂಪಟವಿದೆ. ಅದು ಶಾಲೆಯಲ್ಲಿ ನಾವು ಬರೆದ ಭೂಪಟವಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ‘ಸೀಡೆಡ್ ಡಿಸ್ಟ್ರಿಕ್ಟ್ಸ್’ ಎಂದು ಹೆಸರಾಯಿತು; ದತ್ತಮಂಡಲವೆಂದೂ ಕರೆದರು. ಬಳ್ಳಾರಿ ಅದರ ಮುಖ್ಯ ಭಾಗ. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರು. ಕಂಪನಿ ಹೋಯಿತು, ರಾಣಿಯ ಆಳ್ವಿಕೆ ಹೋಯಿತು, ನಿಜಾಮರೂ ಹೋದರು. ಆದರೆ ತೆಲುಗು ಚಿತ್ರೋದ್ಯಮದವರು ಇಂದಿಗೂ ರಾಯಲಸೀಮೆಯ ಹಂಚಿಕೆಯ ಹಕ್ಕನ್ನು ‘ಸೀಡೆಡ್’ ಎಂದೇ ಮಾರುತ್ತಾರೆ, ತೆಲಂಗಾಣವನ್ನು ‘ನೈಜಾಂ’ ಎಂದೇ ಮಾರುತ್ತಾರೆ. ಹಿಂದಿ ಚಿತ್ರಗಳ ಲೆಕ್ಕದಲ್ಲಿ ಕಲಬುರಗಿ, ಬೀದರ, ರಾಯಚೂರುಗಳು ಬಹುಕಾಲ ನಿಜಾಂ ವಲಯಕ್ಕೂ ಬೆಳಗಾವಿ, ಧಾರವಾಡಗಳು ಮುಂಬಯಿ ವಲಯಕ್ಕೂ ಸೇರಿದ್ದವು. ಕನ್ನಡಿಗರು 1956ರಲ್ಲಿ ಒಂದಾದರು. ಚಿತ್ರದ ಪೆಟ್ಟಿಗೆಗಳಿಗೆ ಆ ಸುದ್ದಿ ತಲುಪಲಿಲ್ಲ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. ಗಡಿಗೆರೆ ಎಳೆದದ್ದಾಯಿತು, ಆದರೆ ಸಿರುಗುಪ್ಪದಿಂದ ಆದವಾನಿ ದೂರ ಹೋಗಲಿಲ್ಲ. ಬೆಂಗಳೂರು ಹತ್ತಿರ ಬರಲಿಲ್ಲ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು ಆಡುವವರುಂಟು. ಅಂಗಡಿಯಲ್ಲಿ ಕನ್ನಡ, ಮನೆಯೊಳಗೆ ತೆಲುಗು ಆಡುವವರೂ ಉಂಟು. ಇಂಥ ಊರಿನ ಜನ ಯಾವ ಭಾಷೆಯ ಚಿತ್ರ ನೋಡುತ್ತಾರೆ ಎಂಬ ಪ್ರಶ್ನೆಗೆ ಎಲ್ಲರೂ ಸಲೀಸಾಗಿ ಕೊಡುವ ಉತ್ತರ ಒಂದುಂಟು: ‘ಬಳ್ಳಾರಿಯವರಿಗೆ ತೆಲುಗು ಚಿತ್ರವೇ ಇಷ್ಟ.’ ಈ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಇಡಬೇಕಾಗುತ್ತದೆ.

1970ರ ದಶಕದ ಕೊನೆಯಲ್ಲಿ, ನನ್ನ ಹರೆಯದಲ್ಲಿ, ನಾನು ಕೆಲವು ವರ್ಷ ಒಬ್ಬ ಹಂಚಿಕೆದಾರರ ಕೈಕೆಳಗೆ ಪ್ರತಿನಿಧಿಯಾಗಿದ್ದೆ. ಬೆಂಗಳೂರಿನ ಗಾಂಧಿನಗರದಿಂದ ಬಂದ ರೀಲಿನ ಪೆಟ್ಟಿಗೆಗಳನ್ನು ಬಳ್ಳಾರಿಯಲ್ಲಿ ಇಳಿಸಿಕೊಳ್ಳುವುದು, ಬಸ್ಸಿನ ಮೇಲೆ ಹೇರಿಸಿ ಸಿರುಗುಪ್ಪಕ್ಕೋ ಕುರುಗೋಡಿಗೋ ಒಯ್ಯುವುದು, ಆಟ ಆಟಕ್ಕೆ ಮಾರಿದ ಟಿಕೆಟುಗಳನ್ನು ಎಣಿಸುವುದು, ರಾತ್ರಿ ಎರಡನೆಯ ಆಟ ಬಿಟ್ಟ ಮೇಲೆ ದಿನದ ಗಳಿಕೆಯ ಪಟ್ಟಿಗೆ ಸಹಿ ಹಾಕಿ ಬೆಳಗಿನ ಅಂಚೆಗೆ ಕೊಡುವುದು, ಇಷ್ಟೇ ನನ್ನ ಕೆಲಸ. ದೊಡ್ಡ ಊರುಗಳಲ್ಲಿ ಓಡಿ ದಣಿದ ಪ್ರತಿಯೇ ನಮ್ಮ ಪಾಲಿಗೆ. ಪರದೆಯ ಮೇಲೆ ಒಂದೇ ಸಮನೆ ಗೆರೆ ಸುರಿಯುತ್ತಿದ್ದವು. ‘ಬಳ್ಳಾರಿ ಜಿಲ್ಲೆಯಲ್ಲಿ ಮಳೆ ಎಂದರೆ ಇದೇ’ ಎಂದು ಬೆಂಚಿನ ಮೇಲಿನವರು ನಗುತ್ತಿದ್ದರು. ಅದೇ ವೇಳೆಗೆ ಗಡಿಯಾಚೆಯಿಂದ ಬರುವ ತೆಲುಗು ಚಿತ್ರದ ಪ್ರತಿ ಹೊಚ್ಚ ಹೊಸದು, ಬಣ್ಣ ಹೊಳೆಯುವಂಥದು. ಜೊತೆಗೆ ಮೊದಲ ದಿನದ ಗದ್ದಲ. ಎರಡು ಎಲೆ ಹಾಕಿ, ಒಂದರಲ್ಲಿ ಬಿಸಿ ಅನ್ನ, ಇನ್ನೊಂದರಲ್ಲಿ ತಂಗಳು ಬಡಿಸಿ, ‘ಇವರಿಗೆ ಆ ಎಲೆಯೇ ಇಷ್ಟ’ ಎಂದು ಬರೆದುಕೊಂಡರೆ ಅದು ರುಚಿಯ ಲೆಕ್ಕವಾದೀತೆ?

ಕುರುಗೋಡಿನ ಕಡೆಯ ನನ್ನ ಗೆಳೆಯನೊಬ್ಬ ಆ ಕಾಲದಲ್ಲಿ ಕನ್ನಡದಲ್ಲಿ ಒಂದು ಚಿತ್ರಕ್ಕೆ ಹಣ ಹಾಕಿದ. ಜೋಳ ಬೆಳೆಯುವ ಹೊಲ ಮಾರಿ ಹಾಕಿದ ಹಣ. ಚಿತ್ರ ಮಹಾಕಾವ್ಯವಾಗಿರಲಿಲ್ಲ, ಕಳಪೆಯೂ ಆಗಿರಲಿಲ್ಲ. ನಮ್ಮ ಸೀಮೆಯ ಕೂಲಿ ಹೆಂಗಸೊಬ್ಬಳ ಬದುಕನ್ನು ಮರ್ಯಾದೆಯಿಂದ ತೋರಿಸಿದ್ದ ಚಿತ್ರ. ಖರ್ಚಿನ ಪಟ್ಟಿಯಲ್ಲಿ ಅವನು ಎಲ್ಲವನ್ನೂ ಬರೆದಿದ್ದ. ಭಿತ್ತಿಪತ್ರಕ್ಕೆ, ಪ್ರತಿಗಳಿಗೆ, ಊರೂರಿಗೆ ಒಯ್ಯುವುದಕ್ಕೆ ಎಂದು ಒಂದು ಕಾಸನ್ನೂ ಎತ್ತಿಟ್ಟಿರಲಿಲ್ಲ. ‘ಚಿತ್ರ ಚೆನ್ನಾಗಿದ್ದರೆ ಜನ ಬಂದೇ ಬರುತ್ತಾರೆ’ ಎಂಬುದು ಅವನ ನಂಬಿಕೆ. ಆ ಚಿತ್ರದ ಪೆಟ್ಟಿಗೆ ಸಿರುಗುಪ್ಪಕ್ಕೆ ಬಂದದ್ದು ನಾಟಿಯ ಕಾಲದಲ್ಲಿ. ಶುಕ್ರವಾರ ಬಯಲು, ಶನಿವಾರ ಬಯಲು, ಭಾನುವಾರ ಅರ್ಧ ಮನೆ. ಚಿತ್ರಮಂದಿರಗಳ ಕರಾರಿನಲ್ಲಿ ‘ಹೋಲ್ಡ್ ಓವರ್’ ಎಂಬ ಒಂದು ಷರತ್ತಿರುತ್ತದೆ: ಗಳಿಕೆ ಗೊತ್ತಾದ ಮೊತ್ತಕ್ಕಿಂತ ಕೆಳಗಿಳಿದರೆ ಚಿತ್ರವನ್ನು ತೆಗೆಯಬಹುದು. ಹೊರಗಡೆ ದೊಡ್ಡ ತೆಲುಗು ಚಿತ್ರವೊಂದರ ಪೆಟ್ಟಿಗೆ ಕಾದು ಕುಳಿತಿತ್ತು. ‘ಏನು ಮಾಡೋಣ?’ ಎಂದು ಮಂದಿರದವರು ಕೇಳಿದರು. ‘ತೆಗೆದುಬಿಡಿ’ ಎಂದು ಹೇಳಿದವನು ನಾನೇ. ಸೋಮವಾರದ ಎರಡನೆಯ ಆಟವೇ ಕೊನೆಯ ಆಟವಾಯಿತು.

ಬುಧವಾರ ಸಂಜೆ ಹತ್ತಿರದ ಹಳ್ಳಿಗಳಿಂದ ಎರಡು ಗಾಡಿ ತುಂಬ ಹೆಂಗಸರು ಬಂದಿಳಿದರು. ನಾಟಿ ಮುಗಿದು ಕೂಲಿ ಬಟವಾಡೆಯಾಗಿತ್ತು. ಭಾನುವಾರ ಚಿತ್ರ ನೋಡಿ ಹೋದ ಯಾರೋ ಗದ್ದೆಯಲ್ಲಿ ಪೈರು ನೆಡುತ್ತ ಅದರ ಕಥೆಯನ್ನು ಹೇಳಿದ್ದರಂತೆ. ‘ಆ ಕೂಲಿ ಹೆಣ್ಣುಮಗಳ ಪಿಕ್ಚರ್ ಇದೇ ಏನಪ್ಪಾ?’ ಎಂದು ಒಬ್ಬ ಮುದುಕಿ ನನ್ನನ್ನೇ ಕೇಳಿದಳು. ಪೆಟ್ಟಿಗೆ ಹೋಯಿತಮ್ಮಾ ಎಂದೆ. ಅವರು ಸ್ವಲ್ಪ ಹೊತ್ತು ಹೊಸ ಭಿತ್ತಿಪತ್ರದ ಮುಂದೆ ನಿಂತಿದ್ದರು. ಇಷ್ಟು ದೂರ ಬಂದದ್ದಾಯಿತಲ್ಲ ಎಂದು ತೆಲುಗು ಚಿತ್ರಕ್ಕೇ ಟಿಕೆಟು ಕೊಂಡು ಒಳಗೆ ಹೋದರು. ಆ ರಾತ್ರಿ ನಾನು ಕಚೇರಿಗೆ ಬರೆದ ವರದಿಯಲ್ಲಿ ಎರಡು ವಾಕ್ಯಗಳಿದ್ದವು: ‘ಸಿರುಗುಪ್ಪದಲ್ಲಿ ಕನ್ನಡ ಚಿತ್ರ ಓಡುವುದಿಲ್ಲ. ತೆಲುಗಿಗೆ ಹೆಂಗಸರ ಬೆಂಬಲ ಚೆನ್ನಾಗಿದೆ.’ ಅಂಕಿ ಅಂಶಗಳ ಪ್ರಕಾರ ಎರಡೂ ನಿಜ. ಆದರೆ ನಾನು ಬರೆದವುಗಳಲ್ಲೆಲ್ಲ ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ.

ಅಂಥ ವರದಿಗಳನ್ನು ನೋಡಿಯೇ ಮುಂದಿನ ಚಿತ್ರಕ್ಕೆ ಬೆಲೆ ಕಟ್ಟುತ್ತಿದ್ದರು. ಓಡದ ಊರಿಗೆ ಹೊಸ ಪ್ರತಿ ಏಕೆ? ಭಿತ್ತಿಪತ್ರದ ಖರ್ಚೇಕೆ? ಹೀಗೆ ಒಂದು ವರ್ಷದ ಹಂಚಿಕೆ ಮರುವರ್ಷದ ಅಭಿರುಚಿಯಾಗುತ್ತಿತ್ತು. ನನ್ನ ಗೆಳೆಯ ಮತ್ತೆ ಚಿತ್ರ ಮಾಡಲಿಲ್ಲ. ಅವನ ಮನೆಯ ಅಟ್ಟದ ಮೇಲೆ ಒಂದು ಪ್ರತಿ ಬಹುಕಾಲವಿತ್ತು. ವರ್ಷಗಳ ಮೇಲೆ ಒಂದು ದಿನ ನಾವಿಬ್ಬರೂ ಡಬ್ಬಿ ತೆರೆದೆವು; ಹುಳಿಯ ವಾಸನೆ ಮೂಗಿಗೆ ಬಡಿಯಿತು. ಕಾಪಾಡದೆ ಬಿಟ್ಟ ಫಿಲ್ಮು ಹೀಗೆಯೇ ಹುಳಿತು ಸುರುಟಿಕೊಳ್ಳುತ್ತದೆ. ‘ತೆಗೆದುಬಿಡಿ’ ಎಂದವನು ನಾನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಇಲ್ಲಿ ಒಬ್ಬರು ಆಕ್ಷೇಪವೆತ್ತಬಹುದು. ಒಳ್ಳೆಯ ಚಿತ್ರ ತನ್ನ ಬಲದಿಂದಲೇ ಗೆದ್ದ ನಿದರ್ಶನಗಳಿಲ್ಲವೆ? ಧಾರಾಳವಾಗಿವೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ 1955ರಲ್ಲಿ ಕಲ್ಕತ್ತೆಯಲ್ಲಿ ಬಿಡುಗಡೆಯಾದಾಗ ಮೊದಮೊದಲು ಜನ ಬರಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಬಳಿಕ ಮಂದಿರ ತುಂಬಿತು. 2006ರ ಡಿಸೆಂಬರಿನಲ್ಲಿ ಬಂದ ‘ಮುಂಗಾರು ಮಳೆ’ಯದೂ ಜನರ ಬಾಯಿಮಾತಿನ ಗೆಲುವೇ, ಅದು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಬಂದು, ಅದರ ಕೀರ್ತಿ ಹಬ್ಬಿದ ಮೇಲೆ, ಅಕ್ಟೋಬರಿನಲ್ಲಿ ಹಿಂದಿ, ತೆಲುಗುಗಳಿಗೆ ಹೋಯಿತು.

ಇವೆಲ್ಲವೂ ನನ್ನ ಮಾತಿಗೆ ವಿರುದ್ಧವೆಂದು ತೋರುತ್ತವೆ. ಹತ್ತಿರದಿಂದ ನೋಡಿದರೆ ಹಾಗಲ್ಲ. ಬಾಯಿಮಾತು ನಡೆದುಕೊಂಡು ಬರುವಂಥದು. ಅದು ಊರು ಮುಟ್ಟುವವರೆಗೆ ಚಿತ್ರ ಅಲ್ಲಿ ನಿಂತಿರಬೇಕು. ಸಿರುಗುಪ್ಪದ ಹೆಂಗಸರು ಬುಧವಾರ ಬಂದರು. ಚಿತ್ರ ಸೋಮವಾರವೇ ಹೋಗಿತ್ತು. ‘ಪಥೇರ್ ಪಾಂಚಾಲಿ’ಗೆ ಆ ಕೆಲವು ದಿನಗಳ ಉಸಿರು ದೊರೆಯಿತು. ಜಾಹೀರಾತು ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ರಾಯ್ ತಮ್ಮ ಚಿತ್ರದ ಫಲಕಗಳನ್ನು ತಾವೇ ರಚಿಸಿದ್ದರೆಂಬುದನ್ನೂ ನೆನೆಯಬೇಕು. ಹಂಚಿಕೆಯೆಂದರೆ ಊರುಗಳನ್ನು ಗೆಲ್ಲುವುದೆಂದು ನಾವು ತಿಳಿದಿದ್ದೇವೆ. ಅದಕ್ಕಿಂತ ಹೆಚ್ಚಾಗಿ ಅದು ದಿನಗಳನ್ನು ಗಳಿಸಿಕೊಡುವ ಕೆಲಸ.

ಹಾಗೆಂದು ಪ್ರಚಾರವೊಂದೇ ಸಾಕೆಂದೂ ಯಾರೂ ಭಾವಿಸಬಾರದು. 1975ರಲ್ಲಿ ಅಮೆರಿಕದಲ್ಲಿ ‘ಜಾಸ್’ ಎಂಬ ಚಿತ್ರವನ್ನು ದೂರದರ್ಶನದಲ್ಲಿ ಭಾರಿ ಜಾಹೀರಾತು ಕೊಟ್ಟು 400ಕ್ಕೂ ಹೆಚ್ಚು ಮಂದಿರಗಳಲ್ಲಿ ಒಂದೇ ದಿನ ಬಿಡುಗಡೆ ಮಾಡಿದರು. ಅಂದಿನಿಂದ ಮೊದಲ ಮೂರು ದಿನಗಳಲ್ಲಿಯೇ ಬೆಳೆ ಕೊಯ್ಯುವ ಪದ್ಧತಿ ಬೇರೂರಿತು. ಆದರೆ ಅದೇ ಮಾದರಿಯನ್ನು ಅನುಸರಿಸಿ ನೆಲಕಚ್ಚಿದ ಚಿತ್ರಗಳಿಗೆ ಲೆಕ್ಕವಿಲ್ಲ. ಡೋಲು ಬಡಿದು ಊರನ್ನೆಲ್ಲ ಕರೆದು, ಎಲೆ ಹಾಕಿ, ಬಡಿಸಲು ಏನೂ ಇಲ್ಲದಿದ್ದರೆ ಮರ್ಯಾದೆ ಹೋಗುವುದು ಕರೆದವನದೇ. ಪ್ರಚಾರ ಶುಕ್ರವಾರವನ್ನು ತುಂಬಬಲ್ಲದು. ಎರಡನೆಯ ಶುಕ್ರವಾರವನ್ನು ಚಿತ್ರವೇ ತುಂಬಬೇಕು.

ಇಂದು ರೀಲಿನ ಪೆಟ್ಟಿಗೆ ಇಲ್ಲ. ಚಿತ್ರ ಉಪಗ್ರಹದ ಮೂಲಕ ಇಳಿಯುತ್ತದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ತೋರಿಸಿದ ಪ್ರತಿ ಅದೇ ಹೊತ್ತಿಗೆ ಅದೇ ಹೊಳಪಿನಲ್ಲಿ ಬಳ್ಳಾರಿಗೂ ಬರಬಲ್ಲದು. ತಂಗಳೆಲೆಯ ದೂರು ಮುಗಿದಂತಾಯಿತು. 2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್.’ ಐದು ಭಾಷೆಗಳಲ್ಲಿ ಒಟ್ಟಿಗೆ ಹೊರಟಾಗ, ಹಿಂದಿಗೆ ಹಿಂದಿಯವರನ್ನೇ, ತೆಲುಗಿಗೆ ತೆಲುಗಿನವರನ್ನೇ ಹಂಚಿಕೆದಾರರಾಗಿ ಜೊತೆಗೂಡಿಸಿಕೊಂಡಿತ್ತು. ಕನ್ನಡ ಚಿತ್ರವೊಂದು ಮೊದಲ ಬಾರಿಗೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಕಾಲುವೆಯ ಲೆಕ್ಕವನ್ನು ಅಣೆಕಟ್ಟಿನ ಜೊತೆಯಲ್ಲಿಯೇ ಹಾಕಿತ್ತು. ಅದು ಬರಿಯ ತಯಾರಿಕೆಯ ಗೆಲುವೆಂದು ಹೇಳುವವರು ಅರ್ಧ ಕಥೆಯನ್ನು ಮಾತ್ರ ಹೇಳುತ್ತಾರೆ.

ಆದರೂ ತೂಬಿನ ಬೀಗ ಇನ್ನೂ ಇದೆ. ರೂಪ ಮಾತ್ರ ಬೇರೆ. ಈಗ ಚಿತ್ರಕ್ಕೆ ದಿನಕ್ಕೆ ಎಷ್ಟು ಆಟ, ಯಾವ ಹೊತ್ತಿನ ಆಟ ಎಂಬುದೇ ಪ್ರಶ್ನೆ. ದುಡಿಯುವ ಜನ ಕೆಲಸದಲ್ಲಿರುವ ಬೆಳಗಿನ ಹತ್ತು ಗಂಟೆಗೆ ಒಂದೇ ಆಟ ಕೊಟ್ಟು, ಜನ ಬರಲಿಲ್ಲವೆಂದು ಸೋಮವಾರ ತೆಗೆದುಹಾಕುವುದು ನಾನು ಮಾಡಿದ್ದಕ್ಕಿಂತ ಏನು ಬೇರೆ? ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿಯೇ, ಚಿತ್ರ ತಯಾರಿಸುವ ದೊಡ್ಡ ಸ್ಟುಡಿಯೋಗಳು ಮಂದಿರಗಳನ್ನೂ ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳುವುದರ ವಿರುದ್ಧ ತೀರ್ಪಿತ್ತಿತು. ಆ ನಿರ್ಬಂಧ 2020ರವರೆಗೆ ಉಳಿಯಿತು. ನೀರು ಮತ್ತು ತೂಬು ಒಬ್ಬನ ಕೈಯಲ್ಲಿಯೇ ಇರುವುದು ಕೆಳಗಿನ ಹೊಲಕ್ಕೆ ಕ್ಷೇಮವಲ್ಲವೆಂಬ ತಿಳಿವಳಿಕೆ ಅದರ ಹಿಂದಿತ್ತು.

ಸಾಹಿತ್ಯಾಸಕ್ತರಿಗೆ ಈ ವ್ಯಾಪಾರದ ಮಾತು ಒಗ್ಗದಿರಬಹುದು. ಅವರಿಗೆ ಗಳಗನಾಥರನ್ನು ನೆನಪಿಸುತ್ತೇನೆ. ತಾವು ಬರೆದ ಕಾದಂಬರಿಗಳನ್ನು ಅವರು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಹೊರೆ ಹೊರದಿದ್ದರೆ ಕನ್ನಡದಲ್ಲಿ ಕಾದಂಬರಿಗೆ ಓದುಗರು ಹುಟ್ಟುವುದು ಇನ್ನೆಷ್ಟು ತಡವಾಗುತ್ತಿತ್ತೋ! ಬರೆಯುವುದು ಒಂದು ತಪಸ್ಸಾದರೆ ಮುಟ್ಟಿಸುವುದೂ ಒಂದು ತಪಸ್ಸೇ.

ಆದ್ದರಿಂದ ಚಿತ್ರ ಮಾಡಹೊರಟ ತರುಣರಿಗೆ ನಾನು ಹೇಳುವುದು ಇಷ್ಟೆ. ಕಥೆ ಬರೆಯುವ ದಿನವೇ ಕೇಳಿಕೊಳ್ಳಿ: ಇದನ್ನು ನೋಡಬೇಕಾದವರು ಯಾರು? ಅವರು ಯಾವ ಊರಿನಲ್ಲಿದ್ದಾರೆ? ಯಾವ ಹೊತ್ತಿಗೆ ಅವರಿಗೆ ಬಿಡುವು? ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಆ ದಾರಿಯ ಖರ್ಚಿಗೆ ಎತ್ತಿಡಿ. ಸಹಾಯಧನ ಕೊಡುವ ಸರ್ಕಾರವೂ ಚಿತ್ರ ತಯಾರಾದದ್ದಕ್ಕೆ ಕೊಡುವಂತೆ, ಅದು ತಾಲೂಕು ಕೇಂದ್ರಗಳಲ್ಲಿ ಒಂದು ವಾರ ನಿಂತದ್ದಕ್ಕೂ ಒಂದು ಪಾಲು ಕೊಡಲಿ. ಇನ್ನು ನಾವು, ನೋಡುಗರು. ಒಳ್ಳೆಯ ಚಿತ್ರ ಕಂಡವನು ಅದನ್ನು ಮರುದಿನವೇ ನಾಲ್ವರಿಗೆ ಹೇಳಬೇಕು. ಹಬ್ಬ ಕಳೆದ ಮೇಲೆ ಹೇಳಿದರೆ ಬಾಗಿಲು ಮುಚ್ಚಿರುತ್ತದೆ.

ತಯಾರಿಕೆ ಹೆಚ್ಚೋ ಹಂಚಿಕೆ ಹೆಚ್ಚೋ ಎಂಬ ಪ್ರಶ್ನೆಗೆ ನಮ್ಮ ಕೊನೆಯ ಹೊಲದ ರೈತ ಆಗಲೇ ಉತ್ತರ ಹೇಳಿದ್ದಾನೆ. ಅಣೆಕಟ್ಟಿಲ್ಲದೆ ಕಾಲುವೆಯಿಲ್ಲ, ನಿಜ. ಆದರೆ ಅವನ ಪೈರು ಒಣಗುವುದು ಅಣೆಕಟ್ಟಿನಲ್ಲಲ್ಲ, ಹೊಲದಲ್ಲಿ. ಇಷ್ಟು ವರ್ಷಗಳ ಮೇಲೆಯೂ ಸಿರುಗುಪ್ಪದ ದಾರಿಯಲ್ಲಿ ನಾಟಿ ಮುಗಿಸಿ ಬರುವ ಹೆಂಗಸರ ಗುಂಪನ್ನು ಕಂಡಾಗ ನನಗೆ ಆ ಮುದುಕಿಯ ಪ್ರಶ್ನೆ ಕೇಳಿಸುತ್ತದೆ. ಅವಳಿಗೆ ಕೊಡಬೇಕಾಗಿದ್ದದ್ದು ಇನ್ನೆರಡೇ ದಿನ.